ಒಳಮೈಯ ಚಿತ್ರ

ಜನವರಿ ೯

ಗುಬ್ಬಿ,

ದೇವರ ದಯೆಯಿಂದ ನಾವೂ ನಮ್ಮ ಸೂಜಿಗಳೂ ಮುರಿಯದೆ ಇದ್ದೇವೆ. ನಿನ್ನಣ್ಣನ ಕೆಮ್ಮು ಹೋಯಿತು, ಗೊಣಗಾಟ ಉಳಿದಿದೆ. ಇಷ್ಟು ಹೇಳಿ ನೇರ ಜಗಳಕ್ಕೆ ಬರುತ್ತೇನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ರೇಗುತ್ತೇನೆ, ನೀನು ಮೂಗು ಸೊರಸೊರ ಎಳೆಯುತ್ತೀಯ, ನಡುವೆ ನಿನ್ನಣ್ಣ ಬಂದು "ಊಟ ಆಯ್ತಾ ಅಂತ ಕೇಳು" ಅನ್ನುತ್ತಾರೆ, ವಿಷಯ ಅಲ್ಲೇ ಮಲಗಿಬಿಡುತ್ತದೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವ ತನಕ ನಾದಿನಿ ಅಡ್ಡ ಬಾಯಿ ಹಾಕುವ ಹಾಗಿಲ್ಲ.

ನೀನು ಮಾಡಿಕೊಟ್ಟ ವೆಬ್‌ಸೈಟನ್ನು ನಿನ್ನೆ ಅಂಗಡಿಯಲ್ಲಿ ಹೊಲಿಯುವ ನಾವು ನಾಲ್ವರೂ ಉದ್ದ ಮೇಜಿನ ಸುತ್ತ ಕೂತು ನೋಡಿದೆವು. ಕೆಳಗಿನ ಅಂಗಡಿಯವನೂ ಬೀಗದ ಕೈ ಉಜ್ಜುವುದನ್ನು ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದಿದ್ದ. ಮೇಲೆ ನಮ್ಮ ನಾಲ್ವರ ಫೋಟೊ, ಅದರ ಕೆಳಗೆ ನೀನು ಬರೆದ ಸಾಲು: 'ರಫು ಕೆಲಸ. ಹರಿದದ್ದು ಎಲ್ಲಿ ಅಂತ ನೀವೇ ಹುಡುಕಿ.' ಚೆನ್ನಾಗಿತ್ತು. ಕನ್ನಡಕದಕ್ಕ ತನ್ನ ಮುಖ ಕಂಡು, ಅದೇನು ಕನ್ನಡಿಯೋ ಎಂಬಂತೆ ಕೂದಲು ಸರಿಮಾಡಿಕೊಂಡಳು.

ಆಮೇಲೆ ಆ ಶಾಲು ಬಂತು. ಕೆಂಪು ಎಳೆ, ಕಂದು ಎಳೆ ಒಂದರ ಪಕ್ಕ ಒಂದು ಬಿದ್ದಿರುವ ಶಾಲು. ಹುಳ ತಿಂದು ಅಂಗೈ ಹೋಗುವಷ್ಟು ತೂತಾಗಿತ್ತು. ಅದೇ ಶಾಲಿನ ಅಂಚಿನ ಒಳಮಡಿಕೆಯಿಂದ ಎಳೆ ಬಿಡಿಸಿ ತೆಗೆದು, ಹಾಸಿನ ಉದ್ದೆಳೆಗೆ ಉದ್ದೆಳೆ, ಹೊಕ್ಕಿನ ಅಡ್ಡೆಳೆಗೆ ಅಡ್ಡೆಳೆ ಸೇರಿಸಿ ನಾನೇ ನೇಯ್ದು ಮುಚ್ಚಿದ್ದು. ತೂತಿತ್ತು ಅನ್ನುವುದು ಬಟ್ಟೆಗೇ ಮರೆತುಹೋಗಬೇಕು ಅನ್ನುತ್ತಿದ್ದರು ಅತ್ತೆ. ಹಾಗೇ ಮಾಡಿದ್ದೆ. ನಿನ್ನ ವೆಬ್‌ಸೈಟಿನಲ್ಲಿ 'ಮೊದಲು' ಅನ್ನುವ ಚಿತ್ರದಲ್ಲಿ ತೂತಿದೆ, ಸರಿ. 'ನಂತರ' ಅನ್ನುವ ಚಿತ್ರದಲ್ಲಿ ಎಳೆಯೇ ಇಲ್ಲ! ಗಾರೆಯವನು ಕರಣೆಯಲ್ಲಿ ಸವರಿದ ಗೋಡೆ ಇದ್ದ ಹಾಗಿದೆ. ನಿನ್ನಣ್ಣ ತೆಗೆದ ಫೋಟೊ ಫೋನಿನಲ್ಲಿ ಇನ್ನೂ ಇದೆ, ಅದರಲ್ಲಿ ಎಳೆ ಎಣಿಸಬಹುದು. ನಡುದಾರಿಯಲ್ಲಿ ಅದನ್ನು ಸವರಿದವರು ಯಾರು?

ನೀನೇ ಆಗಿದ್ದರೆ ಒಪ್ಪಿಕೋ, ಬೈದು ಬಿಟ್ಟುಬಿಡುತ್ತೇನೆ.

ನಿನ್ನ ಅತ್ತಿಗೆ


ಜನವರಿ ೧೮

ಅತ್ತಿಗೆ,

ನಿಮ್ಮ ಕಾಗದ ಬಂತು. ಕಚೇರಿಯಲ್ಲಿ ನನ್ನ ಮೇಜಿನಲ್ಲೇ ಓದಿದೆ, ಪಕ್ಕದವಳು "ಯಾರಾದ್ರೂ ತೀರಿಕೊಂಡ್ರಾ?" ಅಂತ ಕೇಳಿದಳು. ಹಾಗಿತ್ತು ನನ್ನ ಮುಖ.

ಒಪ್ಪಿಕೊಂಡೆ, ನಾನೇ. ಆದರೆ ಸವರಿದ್ದಲ್ಲ, ಹಗುರ ಮಾಡಿದ್ದು. ಅಣ್ಣ ಕಳಿಸಿದ ಒಂದೊಂದು ಫೋಟೊವೂ ಒಂದೊಂದು ಕಬ್ಬಿಣದ ಬೀರು. ಗಿರಾಕಿ ಬೆರಳಿಟ್ಟ ಕೂಡಲೇ ಬೀರು ಮೆಟ್ಟಿಲು ಹತ್ತಿ ಬರಬೇಕು. ಅದು ಅರ್ಧ ಮೆಟ್ಟಿಲಿನಲ್ಲಿರುವಾಗಲೇ ಅವರು ಎದ್ದು ಬೇರೆ ಅಂಗಡಿಗೆ ಹೋಗಿರುತ್ತಾರೆ. ಅದಕ್ಕೇ ಅವನ್ನು ವೆಬ್‌ಪಿ ಅನ್ನುವ ಚಿತ್ರದ ಬಗೆಗೆ ಬದಲಾಯಿಸಿದೆ. ಹಳೆಯ ಜೆಪೆಗ್‌ಗಿಂತ ಹಗುರ, ಈಗಿನ ಫೋನುಗಳೆಲ್ಲ ತೆರೆಯುತ್ತವೆ. ಕಣ್ಣಿಗೆ ಅಷ್ಟಾಗಿ ಬೇಕಿಲ್ಲದ್ದನ್ನು ಅದು ಕೈಬಿಡುತ್ತದೆ, ಅಷ್ಟೇ. ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಅಮ್ಮ ಸೂಜಿಯನ್ನು ನಿಮಗೆ ಕೊಟ್ಟಳು, ನನಗೆ ಪುಸ್ತಕ ಕೊಟ್ಟು ಆ ಕಡೆ ಕೂರು ಅಂದಳು. ನಿಮ್ಮ ಮೇಜಿನ ಮೇಲೆ ನಾನು ಯಾವತ್ತೂ ಕೈ ಹಾಕಿದವಳಲ್ಲ. ನನ್ನ ಮೇಜಿನಲ್ಲಾದರೂ ನನ್ನ ಮಾತು ನಡೆಯಲಿ.

ಅಣ್ಣನಿಗೆ ಊಟ ಆಯ್ತು ಅಂತ ಹೇಳಿ.

ಗುಬ್ಬಿ


ಫೆಬ್ರವರಿ ೩

ಗುಬ್ಬಿ,

ಯಾರಿಗೂ ಗೊತ್ತಾಗುವುದಿಲ್ಲ ಅಂದೆಯಲ್ಲ. ಗೊತ್ತಾಯಿತು.

ಸೇತುವೆಯಾಚೆ ನಾಟಕದ ಕಂಪನಿಯವರ ಉಡುಪಿನ ಉಗ್ರಾಣವಿದೆ. ರಾಜನ ನಿಲುವಂಗಿಯಿಂದ ಹಿಡಿದು ಸೇವಕನ ಟೊಪ್ಪಿಯವರೆಗೆ ಎಲ್ಲವೂ ಹರಿದು ಕೂತಿವೆ. ಅವಷ್ಟನ್ನೂ ನಮಗೇ ಕೊಡುವ ಮಾತಾಗಿತ್ತು. ನಾಲ್ವರಿಗೂ ಇಡೀ ವರ್ಷ ಕೈತುಂಬ ಕೆಲಸ. ಆಗಲಿ ಆಮೇಲೆ ಹೇಳೋಣ ಅಂತ ನಿನಗೆ ಬರೆದಿರಲಿಲ್ಲ. ಅಲ್ಲಿನ ಮೇಲ್ವಿಚಾರಕ ಮೊನ್ನೆ ಬಂದ. ಕೂರಿ ಅಂದರೂ ಕೂರಲಿಲ್ಲ, ಫೋನು ನನ್ನ ಮೂಗಿನ ಕೆಳಗೆ ಹಿಡಿದ.

"ಅಮ್ಮಾ, ಈ ಚಿತ್ರ ದೊಡ್ಡದು ಮಾಡಿ ನೋಡಿದೀರಾ?"

"ನೋಡಿದೀನಿ."

"ಎಳೆ ಎಲ್ಲಿದೆ ಇದರಲ್ಲಿ? ತೂತಿದ್ದ ಜಾಗಕ್ಕೆ ಬಣ್ಣ ಬಳಿದಿದೀರಿ. ಸೂಜೀಲಿ ಮುಚ್ಚಿಲ್ಲ ಇದನ್ನ, ಕಂಪ್ಯೂಟರಲ್ಲಿ ಮುಚ್ಚಿದೀರಿ."

ಶಾಲು ತಂದು ಅವನ ಮುಖದ ಮುಂದೆ ಹಿಡಿಯೋಣವೆಂದರೆ ಅದು ತನ್ನ ಒಡತಿಯ ಜೊತೆ ಸಮುದ್ರ ದಾಟಿದೆ. ಮೇಜಿನ ಮೇಲೆ ಮುಗಿದ ಕೋಟೊಂದಿತ್ತು. "ಇದರ ತೋಳು ನೋಡಿ, ಇಲ್ಲಿ ಸಿಗರೇಟಿನಿಂದ ಸುಟ್ಟಿತ್ತು" ಅಂದೆ. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಇಲ್ಲಿ ಏನೂ ಇಲ್ವಲ್ಲ."

"ಇಲ್ಲ ಅನ್ನೋದೇ ಅಲ್ವಾ ನಮ್ಮ ಕೆಲಸ?"

"ಸುಟ್ಟಿತ್ತು ಅಂತ ನಾನು ಹೇಗೆ ನಂಬಲಿ?"

ನೀನೇ ಹೇಳು ಗುಬ್ಬಿ, ಮೂವತ್ತು ವರ್ಷ ಕಾಣದ ಹಾಗೆ ಮಾಡುವುದನ್ನು ಕಲಿತವಳು, ಕಾಣಿಸು ಅಂದರೆ ಎಲ್ಲಿಂದ ಕಾಣಿಸಲಿ? ಕೆಳಗಿಳಿದು ಹೋದವನು ನಿನ್ನ ವೆಬ್‌ಸೈಟಿನಲ್ಲಿ ಗಿರಾಕಿಗಳ ಮಾತು ಬರೆಯುವ ಜಾಗದಲ್ಲಿ ತನ್ನ ಹೆಸರು ಹಾಕಿ ಬರೆದಿದ್ದಾನೆ: 'ಸುಳ್ಳು ಚಿತ್ರ. ಕೈಕೆಲಸವಲ್ಲ, ಕಣ್ಕಟ್ಟು.' ಎಲ್ಲರಿಗೂ ಕಾಣುತ್ತಿದೆ. ಕೆಳಗಿನ ಅಂಗಡಿಯವನೇ ಮೊದಲು ಓದಿ ಬಂದು ಹೇಳಿದ.

ಬೆಳಿಗ್ಗೆ ದೇವರಿಗೆ ಕೈಮುಗಿಯದೆ ನಾನು ಸೂಜಿಗೆ ದಾರ ಪೋಣಿಸಿದವಳಲ್ಲ. ನನ್ನನ್ನು ಸೋಮಾರಿ ಅನ್ನು, ಬಾಯಾಳಿ ಅನ್ನು, ಸಹಿಸಿಕೊಳ್ಳುತ್ತೇನೆ. ಸುಳ್ಳಿ ಅನ್ನಬೇಡ. ಆ ಹಗುರ ಗಿಗುರ ಏನೂ ಬೇಡ. ನಿನ್ನಣ್ಣ ಕಳಿಸಿದ ಫೋಟೊಗಳನ್ನು ಬಂದದ್ದು ಬಂದ ಹಾಗೇ ಹಾಕು. ಬೀರೋ ಬೆಟ್ಟವೋ, ಎಷ್ಟು ಭಾರವಿದ್ದರೆ ಅಷ್ಟು.

ನಿನ್ನ ಅತ್ತಿಗೆ


ಫೆಬ್ರವರಿ ೧೧

ಅತ್ತಿಗೆ,

ನೀವು ಹೇಳಿದಂತೆ ಎಲ್ಲ ಚಿತ್ರಗಳನ್ನೂ ಬಂದ ಹಾಗೇ ಹಾಕಿದ್ದೇನೆ. ಒಂದನ್ನೂ ಮುಟ್ಟಿಲ್ಲ.

ಆ ಮನುಷ್ಯನ ಮಾತನ್ನು ಅಳಿಸುವ ಅಧಿಕಾರ ನನಗಿದೆ. ಅಳಿಸಲೇ? ಹೂಂ ಅಂದರೆ ಒಂದು ಗುಂಡಿ ಒತ್ತಿದರಾಯಿತು.

ಇಲ್ಲಿ ಎಲ್ಲ ಚೆನ್ನಾಗಿದೆ.

ಗುಬ್ಬಿ


ಮಾರ್ಚ್ ೨

ಗುಬ್ಬಿ,

ನಿನ್ನ ಕಾಗದಕ್ಕೇನು ಜ್ವರ ಬಂದಿತ್ತಾ? ಔಷಧದ ಚೀಟಿಯಲ್ಲೂ ಅದಕ್ಕಿಂತ ಹೆಚ್ಚು ಬರೆದಿರುತ್ತದೆ. 'ಎಲ್ಲ ಚೆನ್ನಾಗಿದೆ' ಅಂತ ನೀನು ಬರೆದಾಗಲೆಲ್ಲ ಏನೋ ಕೆಟ್ಟಿರುತ್ತದೆ ಅನ್ನುವುದು ನಿನಗೆ ಎರಡು ಜಡೆ ಹಾಕುತ್ತಿದ್ದ ಕಾಲದಿಂದ ನನಗೆ ಗೊತ್ತು. ಕೇಳುವುದಿಲ್ಲ. ನೀನೇ ಹೇಳು.

ಆ ಮಾತನ್ನು ಅಳಿಸಬೇಡ. ಅಳಿಸಿದರೆ ಅವನು ಅಂದದ್ದು ನಿಜವಾಗುತ್ತದೆ.

ಇನ್ನು ಚಿತ್ರದ ವಿಷಯ. ಹೇಳುವುದಕ್ಕೆ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಎಳೆಗಳೆಲ್ಲ ಚೆನ್ನಾಗಿ ಕಾಣುತ್ತವೆ, ಕಂಡಾಗ. ಕಾಣುವುದೇ ಇಲ್ಲ, ಅದೇ ತೊಂದರೆ. ನನ್ನ ಫೋನಿನಲ್ಲಿ ಶಾಲು ಮೇಲಿನಿಂದ ಒಂದೊಂದೇ ಬೆರಳಗಲ ಇಳಿಯುತ್ತ ಬಂದು ತೂತಿನ ಹತ್ತಿರ ನಿಂತೇಬಿಟ್ಟಿತು. ಕನ್ನಡಕದಕ್ಕ ಮೇಜಿನ ಆ ಕಡೆಯಿಂದ, "ನೀನು ಅದನ್ನ ರಫು ಮಾಡಿದ್ದೇ ಬೇಗ ಆಗಿತ್ತು ಕಣೇ" ಅಂದಳು. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಎದುರು ರಸ್ತೆಯ ಔಷಧದಂಗಡಿಯ ಹುಡುಗಿ ತನ್ನ ತಾಯಿಯ ಉಣ್ಣೆಯ ಅಂಗಿ ಹಿಡಿದು ಬಂದವಳು, "ವೆಬ್‌ಸೈಟ್ ತೆಗೆಯೋಕೆ ನೋಡಿದೆ ಆಂಟಿ, ಬರಲೇ ಇಲ್ಲ, ಅದಕ್ಕೆ ನಡ್ಕೊಂಡು ಬಂದೆ" ಅಂದಳು. ದೂರದವರು ನಡೆದುಕೊಂಡು ಬರುತ್ತಾರೆಯೇ? ಹೊಸ ಗಿರಾಕಿ ಒಬ್ಬರೂ ಇಲ್ಲ. ಬೀರು ಅಂತ ನೀನು ಹೇಳಿದ್ದು ಸರಿ. ಇದನ್ನು ಎರಡನೇ ಸಲ ಬರೆಯುವುದಿಲ್ಲ, ಬೇಕಾದರೆ ಈ ಸಾಲು ಕತ್ತರಿಸಿ ಇಟ್ಟುಕೋ.

ಉಗ್ರಾಣದವನು ಹೇಳಿಕಳಿಸಿದ್ದಾನೆ. ಚಿತ್ರ ತೆಗೆದು, ಆ ಜಾಗದಲ್ಲಿ 'ತಪ್ಪಾಗಿದೆ, ಕ್ಷಮಿಸಿ' ಅಂತ ಬರೆದರೆ ಕೆಲಸ ಕೊಡುತ್ತಾನಂತೆ. ಮುಂದಿನ ನಾಟಕದ ತಯಾರಿ ಶುರುವಾಗುವುದರೊಳಗೆ ಹೇಳಬೇಕಂತೆ. ಕನ್ನಡಕದಕ್ಕ ಬರೆದುಬಿಡೋಣ ಅನ್ನುತ್ತಾಳೆ. ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ, ಅವಳನ್ನು ಬೈಯಲಾರೆ.

"ಎರಡು ಪದ ಅಷ್ಟೇ ಅಲ್ವೇನೇ," ಅಂದಳು.

"ಯಾವ ತಪ್ಪಾಗಿದೆ ಅಂತ ಬರೀಲಿ?"

"ಯಾವ್ದೋ ಒಂದು. ದೇವರಿಗೆ ಗೊತ್ತಿರತ್ತೆ ನಾವು ಮಾಡಿಲ್ಲ ಅಂತ."

"ದೇವರಿಗೆ ಗೊತ್ತಿದ್ದೂ ಗೊತ್ತಿದ್ದೂ ಅವನ ಮುಂದೆ ಸುಳ್ಳು ಬರೀಲಾ?"

ಅವಳು ದಾರ ಕಚ್ಚಿ ತುಂಡು ಮಾಡಿ ಆ ಕಡೆ ತಿರುಗಿ ಕೂತಳು. ಅವತ್ತಿನಿಂದ ಒಂದೇ ಮೇಜಿನಲ್ಲಿ ಬೆನ್ನು ಹಾಕಿ ಕೂರುತ್ತೇವೆ, ಕತ್ತರಿ ಬೇಕಾದರೆ ಮಿಕ್ಕಿಬ್ಬರು ದಾಟಿಸುತ್ತಾರೆ.

ಮಾಡದ ತಪ್ಪಿಗೆ ನಾನು ಕ್ಷಮೆ ಕೇಳುವುದಿಲ್ಲ. ಹಗುರವೂ ಆಗಿ ಎಳೆಯೂ ಉಳಿಯುವ ದಾರಿ ನಿನ್ನ ಕಡೆ ಇದೆಯೋ ಇಲ್ಲವೋ ಹೇಳು. ಇಲ್ಲದಿದ್ದರೂ ಕ್ಷಮೆ ಕೇಳುವುದಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ ೧೦

ಅತ್ತಿಗೆ,

ದಾರಿ ಇದೆ. ಮೊದಲಿನಿಂದಲೂ ಇತ್ತು. ನಾನು ಆ ಕಡೆ ನೋಡಲಿಲ್ಲ.

ಶಾಲಿನ ಫೋಟೊವನ್ನು ಭಾನುವಾರ ಮನೆಗೆ ತಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೊಂದೇ ಬಗೆಯಲ್ಲಿ ಮಾಡಿ ನೋಡಿದೆ. ಏನಾಗಿದೆ ಅಂತ ಹೇಳುತ್ತೇನೆ ಕೇಳಿ. ಚಿತ್ರವೆಂದರೆ ಸಣ್ಣ ಸಣ್ಣ ಚುಕ್ಕಿಗಳ ಸಾಲು. ಪ್ರತಿ ಚುಕ್ಕಿಗೂ ಎರಡು ಸಂಗತಿ: ಎಷ್ಟು ಬೆಳಕು, ಯಾವ ಬಣ್ಣ. ನಾನು ಬಳಸಿದ ವೆಬ್‌ಪಿಯಲ್ಲಿ ಬೆಳಕು ಪ್ರತಿ ಚುಕ್ಕಿಗೂ ಅದರದೇ ಇರುತ್ತದೆ. ಬಣ್ಣ ಮಾತ್ರ ನಾಲ್ಕು ಮನೆಗೆ ಒಂದೇ ನಲ್ಲಿ ಇದ್ದ ಹಾಗೆ, ಹಂಚಿಕೊಳ್ಳಬೇಕು. ಬೂದು ಕೋಟಿನಲ್ಲಿ ಅದು ಕಾಣುವುದಿಲ್ಲ. ನಿಮ್ಮ ಶಾಲಿನಲ್ಲಿ ಕೆಂಪು ಎಳೆಗೂ ಕಂದು ಎಳೆಗೂ ಬೆಳಕು ಹೆಚ್ಚುಕಡಿಮೆ ಒಂದೇ, ಬೇರೆಯಾಗಿರುವುದು ಬಣ್ಣವೊಂದೇ. ಆ ಬಣ್ಣವನ್ನೇ ಹಂಚಿಬಿಟ್ಟರೆ ಎಳೆಗೂ ಎಳೆಗೂ ನಡುವಿನ ಗೆರೆ ಹೋಗದೆ ಇನ್ನೇನಾಗುತ್ತದೆ? ಸಾಲದ್ದಕ್ಕೆ ಹಗುರಾಗಲೆಂದು ನಾನು ಹಿಂಡಿದ್ದೂ ಜಾಸ್ತಿಯಾಗಿತ್ತು. 'ಮೊದಲು' ಚಿತ್ರವೂ ಅಷ್ಟೇ ಸವರಿಹೋಗಿತ್ತು, ನೋಡಿ. ತೂತಿನ ಮೇಲೆ ಕಣ್ಣು ಹೋದದ್ದರಿಂದ ಯಾರೂ ಗಮನಿಸಲಿಲ್ಲ.

ಎವಿಫ್ ಅಂತ ಇನ್ನೊಂದು ಬಗೆ ಇದೆ, ಹೊಸದು. ಅದರಲ್ಲಿ ಬೇಕೆಂದರೆ ಪ್ರತಿ ಚುಕ್ಕಿಗೂ ಅದರದೇ ಬಣ್ಣ ಉಳಿಸಬಹುದು, ಆದರೂ ಬೀರಿನ ಮುಂದೆ ಅದು ಕೈಚೀಲ. ಅದನ್ನೂ ಲೋಭಿಯ ಹಾಗೆ ಹಿಂಡಿದರೆ ಅದೂ ಸವರುತ್ತದೆ. ಹದ ನೋಡಿಕೊಂಡು ಬಿಟ್ಟಿದ್ದೇನೆ. ಹಳೆಯ ಫೋನುಗಳು ಅದನ್ನು ತೆರೆಯಲಾರವು, ಅಂಥವರಿಗೆಂದು ಹಿಂದೆ ಒಂದು ಜೆಪೆಗ್ ನಿಲ್ಲಿಸಿದ್ದೇನೆ. ಅದರಲ್ಲೂ ಬಣ್ಣ ಹಂಚಿಲ್ಲ, ಸ್ವಲ್ಪ ಭಾರ. ಯಾವ ಫೋನಿಗೆ ಯಾವುದು ಆಗುತ್ತದೋ ಅದನ್ನು ಅದೇ ಎತ್ತಿಕೊಳ್ಳುತ್ತದೆ. ಮೊದಲು ಚಿಕ್ಕ ಚಿತ್ರ ಬರುತ್ತದೆ, ಬೆರಳಿಟ್ಟರೆ ಮಾತ್ರ ದೊಡ್ಡದು. ನಿಮ್ಮ ನಾಲ್ವರ ಫೋಟೊವನ್ನು ಮಾತ್ರ ಹಳೆಯ ವೆಬ್‌ಪಿಯಲ್ಲೇ ಬಿಟ್ಟಿದ್ದೇನೆ. ಮುಖದ ಗೆರೆಗಳು ಒಂದಿಷ್ಟು ಸವರಿಹೋದರೆ ನಿಮಗೇ ಲಾಭ.

ಈಗ ನೀವು ಕೇಳದೆ ಬಿಟ್ಟದ್ದು. 'ಯಾರಿಗೂ ಗೊತ್ತಾಗುವುದಿಲ್ಲ' ಅನ್ನುವುದು ನನ್ನ ಮಾತಲ್ಲ, ನನ್ನ ಮೇಲಿನವರದು. ನಮ್ಮ ಕಚೇರಿಯಲ್ಲಿ ಎಲ್ಲ ಅಂಗಡಿಗಳ ಎಲ್ಲ ಚಿತ್ರಕ್ಕೂ ಒಂದೇ ಬಗೆ, ಹಿಂಡುವುದೂ ಒಂದೇ ಅಳತೆಗೆ. ಶಾಲು ಸವರಿಹೋದದ್ದನ್ನು ನಾನು ಆಗಲೇ ಕಂಡಿದ್ದೆ. ಕೇಳಿದ್ದಕ್ಕೆ, "ನಾಲ್ಕು ಹೆಂಗಸರ ಹೊಲಿಗೆ ಅಂಗಡಿ ಕಣಮ್ಮಾ, ಅದಕ್ಕೆ ಇಷ್ಟು ಸಾಕು, ಯಾರಿಗೂ ಗೊತ್ತಾಗಲ್ಲ" ಅಂದರು. ನಾನು ಹಾಗೇ ಹಾಕಿದೆ. ಆಮೇಲೆ ಅದೇ ಮಾತನ್ನು ನಿಮಗೆ ಬರೆದೆ. ಈ ಸಲ ಕೇಳಲಿಲ್ಲ, ಮಾಡಿಬಿಟ್ಟೆ.

ಎಳೆ ಉಳಿದರೂ ಆ ಮನುಷ್ಯ 'ಇಲ್ಲಿ ತೂತೇ ಇರಲಿಲ್ಲ' ಅನ್ನುತ್ತಾನೆ. ಅದಕ್ಕೆ ಒಂದೇ ಉತ್ತರ. ನೇಯ್ದು ಮುಗಿದ ಮೇಲೆ, ಒಳಮೈಯಲ್ಲಿ ಉಳಿದ ಎಳೆಯ ತುದಿಗಳನ್ನು ನೀವು ಕತ್ತರಿಸುವ ಮೊದಲು, ಬಟ್ಟೆ ತಿರುಗಿಸಿ ಒಂದು ಫೋಟೊ ತೆಗೆಯಿರಿ. ತೂತಿತ್ತು, ಮುಚ್ಚಿದೆ, ಕೈಯಲ್ಲೇ ಮುಚ್ಚಿದೆ ಅಂತ ಅದೊಂದೇ ಹೇಳೀತು.

ನನಗೆ ಗೊತ್ತು ನೀವೇನು ಅನ್ನುತ್ತೀರಿ ಅಂತ.

ಗುಬ್ಬಿ


ಮಾರ್ಚ್ ೧೯

ಗುಬ್ಬಿ,

ಗೊತ್ತಿದ್ದೂ ಕೇಳಿದೆಯಲ್ಲ, ನಿನಗೆಷ್ಟು ಧೈರ್ಯ!

ತುದಿ ಕತ್ತರಿಸದ ಒಳಮೈಯನ್ನು ಹೊರಗಿನವರ ಕಣ್ಣಿಗೆ ಬೀಳಿಸಬಾರದು. ಅತ್ತೆ ನನ್ನ ಕೈಗೆ ಸೂಜಿ ಕೊಡುವ ಮೊದಲು ಹೇಳಿದ್ದೇ ಅದು. ಅಂಚೆಯವನು ಬಾಗಿಲಿಗೆ ಬಂದರೂ ಬಟ್ಟೆ ಮಗುಚಿ ಇಟ್ಟು ಏಳುತ್ತಿದ್ದರು. ನೀನು ಚಿಕ್ಕವಳಿದ್ದಾಗ ಮೇಜಿನ ಕೆಳಗೆ ನುಸುಳಿ ತಲೆಯೆತ್ತಿ ನೋಡಿದ್ದಕ್ಕೆ ಬೆನ್ನಿಗೆ ಗುದ್ದು ತಿಂದದ್ದು ನೆನಪಿಲ್ಲವೇ? ಅಂಥದ್ದನ್ನು ಲೋಕಕ್ಕೆಲ್ಲ ತೆರೆದಿಡು ಅನ್ನುತ್ತೀಯ. ಅರ್ಧ ಕೆಲಸ ತೋರಿಸುವುದೆಂದರೆ ಸ್ನಾನದ ಮನೆಯಿಂದ ಹಾಗೇ ಬೀದಿಗೆ ಬಂದ ಹಾಗೆ. ಕಾಗದ ಮಡಿಸಿ ಸೂಜಿ ಡಬ್ಬಿಯ ಕೆಳಗಿಟ್ಟೆ. ಆಗುವುದಿಲ್ಲ ಅಂತ ಮೂರು ದಿನ ಮನಸ್ಸಿನಲ್ಲೇ ನಿನಗೆ ಬರೆದೆ.

ನಾಲ್ಕನೆಯ ಬೆಳಿಗ್ಗೆ ದೇವರ ಮುಂದೆ ಕೂತಾಗ ನಗು ಬಂತು. ಯಾರ ಮುಂದೆ ನಾನು ದಿನವೂ ಕೂರುತ್ತೇನೆ? ಮೇಲ್ಮೈ ನೋಡಿ ಸುಮ್ಮನಾಗುವವನ ಮುಂದೆಯೇ? ಅವನು ನೋಡುತ್ತಿರುವುದೇ ಒಳಮೈ. ಅವನಿಗೆ ತೋರಿಸಲು ನಾಚದವಳು ಉಗ್ರಾಣದವನಿಗೆ ನಾಚುತ್ತೇನಂತೆ! ಮೇಲೆ ಹೋದಾಗ ಅತ್ತೆ ಅಡ್ಡ ಬಂದರೆ ನಾನು ಉತ್ತರ ಹೇಳಿಕೊಳ್ಳುತ್ತೇನೆ. ಅವರ ಮಾತನ್ನು ನಾನು ಮುರಿದದ್ದು ಇದೊಂದೇ ಸಲ, ಅವರು ಕಲಿಸಿದ ಕೆಲಸ ಸುಳ್ಳು ಅನ್ನಿಸಿಕೊಳ್ಳದಿರಲಿ ಅಂತ.

ಮೇಜಿನ ಮೇಲೆ ಕೆಂಪು ಕಂಬಳಿಯೊಂದಿತ್ತು, ತುದಿ ಕತ್ತರಿಸುವುದು ಬಾಕಿ. ತಿರುಗಿಸಿದೆ. ಮಿಕ್ಕಿಬ್ಬರು ಬಾಯಿ ಮೇಲೆ ಕೈಯಿಟ್ಟುಕೊಂಡರು. ನಿನ್ನಣ್ಣ ಫೋನು ಹಿಡಿದು ಸ್ಟೂಲು ಹತ್ತಿದವರು ಅಲ್ಲಿಂದಲೇ, "ಇದೇನೇ ಇದು, ಕಂಬಳಿಗೆ ಗಡ್ಡ ಬಂದಿದೆ!" ಅಂದರು. ಮೂವತ್ತು ವರ್ಷ ಸಂಸಾರ ಮಾಡಿದರೂ ನನ್ನ ಕೆಲಸದ ಒಳಮೈ ಅವರೂ ನೋಡಿರಲಿಲ್ಲ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಮೇಜು ಎಳೆಯಬೇಕಿತ್ತು. ನಾನೊಬ್ಬಳೇ ಎಳೆಯುತ್ತಿದ್ದೆ. ಆ ತುದಿ ಹಗುರಾಯಿತು, ತಲೆಯೆತ್ತಿದರೆ ಕನ್ನಡಕದಕ್ಕ ಹಿಡಿದಿದ್ದಳು.

"ನಂದೂ ಒಂದು ತೆಗೀಲಿ. ಆ ಕಪ್ಪು ಕೋಟಿಂದು," ಅಂದಳು. ನಾನು ಹೂಂ ಅಂದೆ. ಅಷ್ಟಕ್ಕೇ ರಾಜಿಯಾಯಿತು.

ಚಿತ್ರಗಳಿರುವ ಫೋನಿನ ಮೆಮೊರಿ ಕಾರ್ಡು ಇದರ ಜೊತೆ ಇದೆ. ಮುಖದ ಗೆರೆ ಅಂತ ಕೊಂಕು ಬರೆದೆಯಲ್ಲ, ನಮ್ಮ ನಾಲ್ವರ ಫೋಟೊಗೂ ಆ ಹೊಸ ಬಗೆಯನ್ನೇ ಹಾಕು. ಗೆರೆಯೆಲ್ಲ ಕಾಣಲಿ. ಸಂಪಾದಿಸಿದ್ದು.

ಮತ್ತೆ, ನಿನ್ನ ಕಾಗದ ಈ ಸಲ ಕಚೇರಿಯ ಲಕೋಟೆಯಲ್ಲಿ ಬರಲಿಲ್ಲ. ಯಾಕೆ?

ನಿನ್ನ ಅತ್ತಿಗೆ


ಮಾರ್ಚ್ ೨೯

ಅತ್ತಿಗೆ,

ಲಕೋಟೆಯನ್ನೂ ನೋಡುತ್ತೀರಲ್ಲ! ಕೆಲಸ ಹೋಗಿಲ್ಲ, ಗಾಬರಿಯಾಗಬೇಡಿ. ಕುರ್ಚಿ ಬದಲಾಗಿದೆ. ನನ್ನ ಮೇಲಿನವರು "ಒಂದು ಅಂಗಡಿಗೆ ಹೀಗೆ ಮಾಡಿದ್ರೆ ನಾಳೆ ಎಲ್ಲರೂ ಕೇಳ್ತಾರೆ" ಅಂದರು. "ಕೇಳಲಿ, ಎಲ್ಲರಿಗೂ ಮಾಡೋಣ" ಅಂದೆ. ಹಳೆಯ ಬಗೆಯನ್ನೇ ಮತ್ತೆ ಹಾಕು ಅಂದರು, ಹಾಕುವುದಿಲ್ಲ ಅಂದೆ. ಈಗ ಗಿರಾಕಿಗಳ ದೂರು ಕೇಳುವ ಮೂಲೆಯಲ್ಲಿ ಕೂರುತ್ತೇನೆ. ಫೋನೆತ್ತಿದರೆ ಬೈಗುಳ. ನಿಮ್ಮ ಕೈಯಲ್ಲಿ ಪಳಗಿದವಳಿಗೆ ಅದೇನು ದೊಡ್ಡದು? ನಿಮ್ಮ ವೆಬ್‌ಸೈಟನ್ನು ಕಚೇರಿಯಿಂದ ಬಿಡಿಸಿಕೊಂಡು ಬಂದಿದ್ದೇನೆ. ಇನ್ನು ಅದನ್ನು ನೋಡಿಕೊಳ್ಳುವವಳು ನಾನೊಬ್ಬಳೇ, ಅಡುಗೆಮನೆಯ ಮೇಜಿನಿಂದ.

ಚಿತ್ರಗಳನ್ನು ಹಾಕಿ ಆಯಿತು. ನೀವು ಕಳಿಸಿದ ಪ್ರತಿ ಬಟ್ಟೆಗೂ ಮೂರು ಚಿತ್ರ: ತೂತು, ಒಳಮೈ, ಮೇಲ್ಮೈ. ನನ್ನ ಹಳೆಯ ಫೋನಿನಲ್ಲೂ ನೋಡಿದೆ, ಪಕ್ಕದ ಮನೆಯವರ ಹೊಸದರಲ್ಲೂ ನೋಡಿದೆ. ಕಾಯಿಸದೆ ಬರುತ್ತವೆ, ಎಳೆ ಎಳೆಯಾಗಿ ಬರುತ್ತವೆ.

ಕಂಬಳಿಯ ಒಳಮೈ ತೆರೆದುಕೊಂಡಾಗ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ. ತುದಿಗಳೆಲ್ಲ ಎಡಕ್ಕೆ ವಾಲಿ, ಒಂದರ ಮೇಲೊಂದು ಮಲಗಿವೆ. ಕನ್ನಡಕದಕ್ಕನವು ನೆಟ್ಟಗೆ ನಿಲ್ಲುತ್ತವೆ. ಎಡಕ್ಕೆ ವಾಲುವುದು ಅಮ್ಮನ ಕೈ. ಆವತ್ತು ಮೇಜಿನ ಕೆಳಗಿನಿಂದ ನಾನು ಕಂಡದ್ದು ಇದನ್ನೇ. ಗುದ್ದು ಬೀಳುವ ಮೊದಲು ಅಷ್ಟು ನೋಡಿಕೊಂಡಿದ್ದೆ. ಅಮ್ಮ ಹೋದ ಮೇಲೆ ಅವಳದೆಂದು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಸೂಜಿ ನಿಮಗೆ ಸಿಕ್ಕಿತೆಂದು ಇಷ್ಟು ವರ್ಷ ಒಳಗೊಳಗೇ ಕುದಿಯುತ್ತಿದ್ದೆ. ಅವಳ ಕೈಯೂ ಅದರ ಜೊತೆ ನಿಮ್ಮಲ್ಲಿಗೆ ಹೋಗಿ ಅಲ್ಲೇ ಜೋಪಾನವಾಗಿದೆ ಅಂತ ನನಗೆ ಹೊಳೆದಿರಲಿಲ್ಲ.

ಆ ಚಿತ್ರವನ್ನು ಸ್ವಲ್ಪವೂ ಹಿಂಡದೆ ನನ್ನ ಬಳಿ ಇಟ್ಟುಕೊಂಡಿದ್ದೇನೆ. ಅದು ಬೀರೇ ಆಗಿರಲಿ.

ಗುಬ್ಬಿ


ಏಪ್ರಿಲ್ ೧೪

ಗುಬ್ಬಿ,

ನಿನ್ನ ಕಾಗದದ ಕೊನೆಯ ಭಾಗಕ್ಕೆ ಈಗ ಉತ್ತರ ಬರೆಯುವುದಿಲ್ಲ. ಕಣ್ಣು ಮಂಜಾದರೆ ಹೊಲಿಗೆ ಕೆಡುತ್ತದೆ. ರಜೆ ಸಿಕ್ಕಿದಾಗ ಬಾ. ಮೇಜಿನ ಕೆಳಗಲ್ಲ, ಪಕ್ಕದಲ್ಲಿ ಕುರ್ಚಿ ಹಾಕುತ್ತೇನೆ. ನಿನ್ನ ಬೆರಳು ಈ ವಯಸ್ಸಿಗೆ ಬಗ್ಗುತ್ತವೋ ಇಲ್ಲವೋ ನೋಡೋಣ.

ಉಗ್ರಾಣದವನು ಸೋಮವಾರ ಬಂದ. ಈ ಸಲ ಬರಿಗೈಯಲ್ಲಲ್ಲ, ಇಬ್ಬರು ಆಳುಗಳ ತಲೆಯ ಮೇಲೆ ಉಡುಪಿನ ಗಂಟು ಹೊರಿಸಿಕೊಂಡು. ಮೇಜಿನ ಮೇಲೆ ಬಿಚ್ಚಿದ. ರಾಜನ ನಿಲುವಂಗಿಯ ಬೆನ್ನು ಪೂರ್ತಿ ಹೋಗಿದೆ. ನೇರಳೆ ಬಣ್ಣದ ಮಖಮಲ್ಲು, ಮುಟ್ಟಿದರೆ ಕೈ ಹಿಂದೆಗೆಯಲು ಮನಸ್ಸಾಗದು. ಅಂಥ ಕೆಲಸ ನಮಗೆ ಮತ್ತೆ ಸಿಗುವುದಿಲ್ಲ ಅಂತ ನಾಲ್ವರಿಗೂ ಗೊತ್ತಿತ್ತು.

"ಒಳಗಡೆಯ ಫೋಟೊ ನೋಡಿದೆ," ಅಂದ. ಈ ಸಲ ಕೂತ. "ಕೆಲಸ ಒಪ್ಪಿಕೊಂಡೆ. ನೀವೇ ಮಾಡಿ, ಎಲ್ಲಾನೂ."

"ಸಂತೋಷ. ಬರೆದದ್ದು?"

"ಅದನ್ನ ಇವತ್ತೇ ಅಳಿಸಿಬಿಡ್ತೀನಿ."

"ಅಳಿಸೋದು ಬೇಡ. ಅದರ ಕೆಳಗೆ ಬರೀರಿ, ನಾನು ಅಂದದ್ದು ತಪ್ಪು ಅಂತ. ಹೆಸರು ಹಾಕಿ ಅಂದಿದ್ರಿ, ಹೆಸರು ಹಾಕಿ ಬರೀರಿ."

ಅವನು ನಕ್ಕ. ನಾನು ನಗುವುದಿಲ್ಲವೆಂದು ಕಂಡು ನಿಲ್ಲಿಸಿದ.

"ಅಮ್ಮಾ, ನನ್ನ ಕೈ ಕೆಳಗೆ ಅಷ್ಟು ಜನ ಇದಾರೆ. ಓದಿ ನಗ್ತಾರೆ. ಅಳಿಸ್ತೀನಿ ಅಂದ್ನಲ್ಲ, ಅಲ್ಲಿಗ್ ಮುಗೀತು. ಯಾರಿಗೂ ಗೊತ್ತಾಗಲ್ಲ."

ಆ ಮಾತು ಅವನ ಬಾಯಲ್ಲೂ ಬಂತು ನೋಡು. ನಾನು ಕನ್ನಡಕದಕ್ಕನ ಕಡೆ ತಿರುಗಿದೆ. ಕೆಲಸ ನನ್ನೊಬ್ಬಳದಲ್ಲ, ಅವಳು ಬೇಕು ಅಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ನಿಲುವಂಗಿಯನ್ನು ಮಡಿಸಿದಳು. ಅದರ ಮೇಲೆ ಟೊಪ್ಪಿಗಳನ್ನಿಟ್ಟಳು. ಗಂಟಿನ ನಾಲ್ಕು ಮೂಲೆ ಸೇರಿಸಿ, ಬಿಚ್ಚಿಕೊಳ್ಳದ ಹಾಗೆ ಬಿಗಿಯಾಗಿ ಕಟ್ಟಿ ಆಳಿನ ಕೈಗೆ ಕೊಟ್ಟಳು.

"ಬರೆದ ಮೇಲೆ ತನ್ನಿ," ಅಂದಳು.

"ತುಂಬಾ ಸೊಕ್ಕು ನಿಮಗೆ," ಅಂತ ಅವನು ಬಾಗಿಲಲ್ಲಿ ನಿಂತು ಹೇಳಿದ.

"ಹೌದು, ಮೆಟ್ಟಿಲು ಕಡಿದಾಗಿದೆ, ನೋಡ್ಕೊಂಡು ಇಳೀರಿ," ಅಂದಳು ಅವಳೇ.

ಇಂದಿಗೂ ಅವನು ಬರೆದಿಲ್ಲ. ಬರೆಯುತ್ತಾನೆಂದು ನಾವು ಕಾಯುತ್ತಲೂ ಇಲ್ಲ. ಕೆಲಸ ಕಡಿಮೆಯಿದೆ. ದೂರದವರೊಬ್ಬರು ತಂದೆಯ ಕೋಟು ಅಂಚೆಯಲ್ಲಿ ಕಳಿಸಿ, ತುದಿ ಕತ್ತರಿಸುವ ಮುಂಚೆ ಒಳಮೈಯ ಫೋಟೊ ತಮಗೂ ಕಳಿಸಬೇಕು ಅಂದಿದ್ದಾರೆ. ಇನ್ನಿಬ್ಬರು ವಿಚಾರಿಸಿದ್ದಾರೆ. ವರ್ಷ ಹೇಗೆ ಕಳೆಯುತ್ತದೋ ಕಳೆಯಲಿ, ತಲೆ ತಗ್ಗಿಸಿಕೊಂಡಂತೂ ಕಳೆಯುವುದಿಲ್ಲ.

ನೀನು ಈಗ ಮಾಡಬೇಕಾದದ್ದು ಇಷ್ಟು. ಕಂಬಳಿಯ ಒಳಮೈಯ ಚಿತ್ರವನ್ನು ಪುಟದ ಮೊದಲಿಗೇ ಹಾಕು, ಒಂದು ಎಳೆಯೂ ಸವರದ ಹಾಗೆ. ಅದರ ನೇರ ಕೆಳಗೆ, ಅದರಷ್ಟೇ ಅಗಲಕ್ಕೆ, ಅವನು ಬರೆದದ್ದನ್ನು ಹಾಕು: 'ಸುಳ್ಳು ಚಿತ್ರ. ಕೈಕೆಲಸವಲ್ಲ, ಕಣ್ಕಟ್ಟು.' ಅವನ ಹೆಸರೂ ಇರಲಿ. ನಾವು ಒಂದು ಅಕ್ಷರವನ್ನೂ ಸೇರಿಸುವುದು ಬೇಡ. ಬಂದವರು ಎರಡನ್ನೂ ನೋಡಲಿ.

ಅವನೇ ಬಂದು ಕಾಲಿಗೆ ಬಿದ್ದು ತೆಗೆಯಿರಿ ಅಂದರೂ ಅದನ್ನು ಅಳಿಸಬೇಡ. ನಾವು ಅಳಿಸುವವರಲ್ಲ ಅಂತಲೇ ಅಲ್ಲವೇ ಇಷ್ಟು ದಿನದ ಜಗಳ?

ನಿನ್ನ ಅತ್ತಿಗೆ